ವಿಶ್ವವಿದ್ಯಾಲಯವು ಊರ ಶಾಲೆಗೆ ಬಂದಾಗ ಪಂಚಾಯಿತಿಯ ಪಾಲು

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ



ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿರುವುದು ಜಿಲ್ಲೆಯ ರೈತರೆಲ್ಲರಿಗೂ ತಿಳಿದ ಸಂಗತಿ. ಅದು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಬಂದು, ರೈತರೊಡನೆ ಹೊಲಕ್ಕೆ ಹೋಗಿ, ಕಲಿತದ್ದನ್ನು ಹೇಳಿ, ಹೇಳಿದ್ದಕ್ಕಿಂತ ಹೆಚ್ಚನ್ನು ಕಲಿತು ಹೋಗುತ್ತಾರೆ. ಈ ವ್ಯವಸ್ಥೆಯಲ್ಲಿ ಯಾರ ಕೆಲಸ ಯಾವುದು ಎಂಬ ಬಗ್ಗೆ ಗೊಂದಲವಿಲ್ಲ. ಯಾವ ತಳಿ ಯಾವ ಮಣ್ಣಿಗೆ ಒಗ್ಗುತ್ತದೆ, ಹತ್ತಿಗೆ ಬಿದ್ದ ಕೀಟಕ್ಕೆ ಯಾವ ಉಪಚಾರ ಎಂಬುದನ್ನು ವಿಶ್ವವಿದ್ಯಾಲಯ ತಿಳಿಸಬಲ್ಲುದು. ಹದ ನೋಡಿ ಬಿತ್ತುವುದು, ಕಳೆ ತೆಗೆಯುವುದು, ಕಾಲುವೆಗೆ ನೀರು ಬಿಟ್ಟಾಗ ರಾತ್ರಿಯಾದರೂ ಎದ್ದು ಗದ್ದೆಗೆ ಹಾಯಿಸುವುದು ರೈತನ ಕೆಲಸ. ಬಿತ್ತನೆಯೇ ಆಗದ ಹೊಲದಲ್ಲಿ ಯಾವ ವಿಜ್ಞಾನಿಯ ಸಲಹೆಯೂ ಬೆಳೆಯನ್ನು ತಾರದು.

ಊರಿನ ಸರ್ಕಾರಿ ಶಾಲೆಗೆ ವಿಶ್ವವಿದ್ಯಾಲಯವೊಂದು ಬಂದಾಗಲೂ ಇದೇ ಮಾತು ಅನ್ವಯಿಸುತ್ತದೆ. ಶಿಕ್ಷಕರು ಹೇಗೆ ಕಲಿಸಬೇಕು, ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಅರಿಯಲು ವಿಶ್ವವಿದ್ಯಾಲಯ ನೆರವಾಗುತ್ತದೆ. ಆದರೆ ಮಗು ಪ್ರತಿದಿನವೂ ತರಗತಿಯಲ್ಲಿ ಕುಳಿತಿರುವಂತೆ ನೋಡಿಕೊಳ್ಳುವ ಕೆಲಸವನ್ನು ಅದು ಮಾಡಲಾರದು. ಆ ಕೆಲಸ ಗ್ರಾಮ ಪಂಚಾಯಿತಿಯದು. ಈ ವಿಂಗಡಣೆಯನ್ನು ಸ್ಪಷ್ಟಪಡಿಸುವುದೇ ಈ ಉಪನ್ಯಾಸದ ಉದ್ದೇಶ.

ಜಿಲ್ಲೆಯ ಕಲಿಕೆಯ ಲೆಕ್ಕ

ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ ಅಂತ್ಯದಲ್ಲಿ ಅಸ್ತಿತ್ವಕ್ಕೆ ಬಂದಿತು. ಮೊದಲಿಗೆ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದವು. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಅನಂತರ ರೂಪುಗೊಂಡವು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ ಸರಾಸರಿ ಶೇ. 75.36. ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರ ಬಲ್ಲವರು ಶೇ. 41ರ ಆಸುಪಾಸಿನಲ್ಲಿದ್ದರು. ರಾಜ್ಯದ ಎಲ್ಲ ಜಿಲ್ಲೆಗಳ ಪೈಕಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು.

ಆ ಗಣತಿಯ ಕಾಲಕ್ಕೆ ಒಂದನೇ ತರಗತಿಯ ಹೊಸ್ತಿಲಲ್ಲಿದ್ದ ಮಕ್ಕಳು ಮುಂದೆ ಪ್ರೌಢಶಾಲೆಯನ್ನು ಮುಗಿಸುವ ಹೊತ್ತಿಗೆ ಚಿತ್ರ ಬದಲಾಗಬೇಕಿತ್ತು. ಆದರೆ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಜಿಲ್ಲೆಯ ಫಲಿತಾಂಶ ಶೇ. 50.59 ಆಗಿ, ಮತ್ತೆ ರಾಜ್ಯದಲ್ಲಿ ಕೊನೆಯ ಸ್ಥಾನ ಬಂದಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇರಿಸಿದ ವರ್ಷವದು.

ಫಲಿತಾಂಶ ಪ್ರಕಟವಾದ ವಾರ ಸಭೆಗಳಲ್ಲಿ ಪ್ರೌಢಶಾಲೆಯ ಶಿಕ್ಷಕರನ್ನು ಪ್ರಶ್ನಿಸುವುದು ರೂಢಿಯಾಗಿದೆ. ಪ್ರಶ್ನಿಸುವುದು ತಪ್ಪಲ್ಲ, ಆದರೆ ಹತ್ತನೇ ತರಗತಿಯಲ್ಲಿ ಕಾಣಿಸಿಕೊಳ್ಳುವ ಸೋಲಿನ ಬೇರು ಮೂರನೇ ತರಗತಿಯಲ್ಲಿರುತ್ತದೆ. ಮೂರನೇ ತರಗತಿ ಮುಗಿಯುವುದರೊಳಗೆ ಮಗು ಒಂದು ಪುಟವನ್ನು ತಡವರಿಸದೆ ಓದಿ, ಓದಿದ್ದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳುವಂತಾಗಬೇಕು. ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ. ಅಲ್ಲಿಂದ ಮುಂದೆ ಓದಿ ಕಲಿಯುತ್ತದೆ. ಓದಲು ಬಾರದೆ ನಾಲ್ಕನೇ ತರಗತಿಗೆ ದಾಟಿದ ಮಗುವಿಗೆ ವಿಜ್ಞಾನವೂ ಸಮಾಜವೂ ಗಣಿತದ ಲೆಕ್ಕದ ಮಾತೂ ಮುಚ್ಚಿದ ಬಾಗಿಲುಗಳೇ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮವು ಮೂರನೇ ತರಗತಿಯನ್ನೇ ಗುರಿಯಾಗಿಸಿಕೊಂಡಿರುವುದು ಇದೇ ಕಾರಣಕ್ಕೆ.

ಸುರಪುರದಲ್ಲಿ ಆರಂಭವಾದ ಕೆಲಸ

ಈ ಭಾಗದ ಸರ್ಕಾರಿ ಶಾಲೆಗಳ ಕಲಿಕೆಯ ಬಗ್ಗೆ ಹೊರಗಿನ ಸಂಸ್ಥೆಯೊಂದು ದೀರ್ಘಕಾಲ ನಿಂತು ಕೆಲಸ ಮಾಡಿದ ನಿದರ್ಶನ ಸುರಪುರ ತಾಲ್ಲೂಕಿನಲ್ಲಿದೆ. 2002ರಲ್ಲಿ ರಾಜ್ಯ ಸರ್ಕಾರವು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮವನ್ನು ಕೈಗೊಂಡಿತು. ಮಕ್ಕಳ ದಾಖಲಾತಿ, ಹಾಜರಾತಿ ಹಾಗೂ ಕಲಿಕೆಯನ್ನು ಹೊರಗಿನವರು ಬಂದು ಅಳೆಯಲು ಶಾಲೆಗಳೇ ಸ್ವಇಚ್ಛೆಯಿಂದ ಮುಂದೆ ಬರುವಂತೆ ಅದನ್ನು ರೂಪಿಸಲಾಗಿತ್ತು. ಪಾಠ ಮುಗಿದಿದೆ ಎಂಬುದಕ್ಕೂ ಮಗು ಕಲಿತಿದೆ ಎಂಬುದಕ್ಕೂ ಇರುವ ಅಂತರವನ್ನು ಆ ಅಳತೆ ಬಯಲಿಗಿಟ್ಟಿತು. ಅಳತೆಯಿಂದ ಸ್ಥಿತಿ ತಿಳಿಯಿತು. ಆದರೆ ಅಳತೆಯೊಂದರಿಂದಲೇ ಸ್ಥಿತಿ ಸುಧಾರಿಸದು ಎಂಬುದೂ ತಿಳಿಯಿತು.

ಅದರ ಬೆನ್ನಲ್ಲೇ, 2004ರ ಸುಮಾರಿಗೆ, ಸರ್ಕಾರ, ಯುನಿಸೆಫ್ ಮತ್ತು ಪ್ರತಿಷ್ಠಾನ ಸೇರಿ ಸುರಪುರ ತಾಲ್ಲೂಕಿನಲ್ಲಿ ಮಕ್ಕಳಸ್ನೇಹಿ ಶಾಲಾ ಕಾರ್ಯಕ್ರಮವನ್ನು ಆರಂಭಿಸಿದವು. ಆಯ್ದ ಒಂದೆರಡು ಶಾಲೆಗಳನ್ನು ಮಾದರಿಯಾಗಿ ತೋರಿಸುವ ಬದಲು, ತಾಲ್ಲೂಕಿನ ಮುನ್ನೂರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳನ್ನು ಒಟ್ಟಾಗಿ ತೆಗೆದುಕೊಂಡದ್ದು ಅದರ ವಿಶೇಷ. ಶಾಲೆಯ ಆವರಣ, ತರಗತಿಯ ಕಲಿಕೆ, ಶಿಕ್ಷಕರ ಬೆಳವಣಿಗೆ, ಸಮುದಾಯದ ಪಾಲುಗಾರಿಕೆ ಇವೆಲ್ಲವನ್ನೂ ಒಂದೇ ಕೆಲಸದ ಭಾಗಗಳೆಂದು ಅದು ಪರಿಗಣಿಸಿತು.

2010ರಲ್ಲಿ ರಾಜ್ಯ ವಿಧಾನಮಂಡಲದ ಕಾಯ್ದೆಯ ಮೂಲಕ ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪ್ರತಿಷ್ಠಾನವೇ ಅದರ ಪ್ರವರ್ತಕ ಸಂಸ್ಥೆ. ಯಾದಗಿರಿಯಲ್ಲಿ ಪ್ರತಿಷ್ಠಾನದ ಜಿಲ್ಲಾ ಸಂಸ್ಥೆ ಕಾರ್ಯನಿರ್ವಹಿಸುತ್ತಿದೆ. ಜಿಲ್ಲಾ ಕೇಂದ್ರದಲ್ಲಿ ಶುಲ್ಕವಿಲ್ಲದ ಶಾಲೆಯೊಂದನ್ನೂ ಅದು ನಡೆಸುತ್ತಿದೆ. ಹೀಗೆ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೂ ಈ ಭಾಗದ ಊರ ಶಾಲೆಗಳಿಗೂ ನಡುವೆ ಒಂದು ದಾರಿ ಏರ್ಪಟ್ಟಿದೆ. ಶಿಕ್ಷಣ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುವವರು ಕ್ಷೇತ್ರಾನುಭವಕ್ಕಾಗಿ ಪ್ರತಿಷ್ಠಾನ ಕೆಲಸ ಮಾಡುವ ಜಿಲ್ಲೆಗಳಿಗೆ ಬರುತ್ತಾರೆ. ಪದವಿ ಮುಗಿಸಿದ ಹಲವರು ಇಂತಹ ಜಿಲ್ಲೆಗಳಲ್ಲಿಯೇ ಸಂಪನ್ಮೂಲ ವ್ಯಕ್ತಿಗಳಾಗಿ ನೆಲೆಸುತ್ತಾರೆ. ಶಿಕ್ಷಣ ಕುರಿತ ಬರಹಗಳನ್ನು ಕನ್ನಡಕ್ಕೆ ತಂದು ‘ಅನುವಾದ ಸಂಪದ’ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯವು ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಜಿಲ್ಲೆಯ ಶಿಕ್ಷಕರು ಅದನ್ನು ಮೊಬೈಲಿನಲ್ಲಿಯೇ ಓದಬಹುದು.

ತರಗತಿಯೊಳಗೆ ನಡೆಯುವುದೇನು?

ವಿಶ್ವವಿದ್ಯಾಲಯದ ಹೆಸರು ಕೇಳಿದೊಡನೆ ಊರಿನವರು ಹೊಸ ಕಟ್ಟಡವನ್ನೋ, ಕಂಪ್ಯೂಟರುಗಳನ್ನೋ, ಗೋಡೆಗಳಿಗೆ ಬಣ್ಣವನ್ನೋ ನಿರೀಕ್ಷಿಸುವುದು ಸಹಜ. ಅವು ಕಣ್ಣಿಗೆ ಕಾಣುತ್ತವೆ, ಉದ್ಘಾಟನೆಗೂ ಒದಗುತ್ತವೆ. ಕಲಿಕೆಯ ಕೆಲಸ ಹಾಗೆ ಕಾಣುವುದಿಲ್ಲ. ಅದರ ಬಹುಪಾಲು ನಡೆಯುವುದು ಶಿಕ್ಷಕರ ನಡುವಿನ ಮಾತುಕತೆಯಲ್ಲಿ. ಶಾಲಾ ಅವಧಿ ಮುಗಿದ ಮೇಲೆ ಅಥವಾ ರಜೆಯ ದಿನಗಳಲ್ಲಿ ಶಿಕ್ಷಕರು ತಾವಾಗಿಯೇ ಸೇರುವ ವೇದಿಕೆಗಳು, ಪುಸ್ತಕ ಮತ್ತು ಪ್ರಯೋಗ ಸಾಮಗ್ರಿಗಳಿರುವ ಕಲಿಕಾ ಕೇಂದ್ರಗಳು, ಸಂಪನ್ಮೂಲ ವ್ಯಕ್ತಿಯು ತರಗತಿಯಲ್ಲಿ ಶಿಕ್ಷಕರ ಜೊತೆಗೇ ನಿಂತು ಪಾಠ ಮಾಡುವುದು ಇವೆಲ್ಲ ಅದರ ರೂಪಗಳು.

ಇದರ ಅಗತ್ಯವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತನಾಡುತ್ತದೆ. ಗುರುಮಠಕಲ್ ಕಡೆಯ ಹಲವು ಮನೆಗಳಲ್ಲಿ ತೆಲುಗು, ಪಟ್ಟಣಗಳ ಹಲವು ಓಣಿಗಳಲ್ಲಿ ಉರ್ದು ಮನೆಮಾತು. ಕನ್ನಡವೇ ಮನೆಮಾತಾದ ದೊಡ್ಡಿಯ ಮಗುವಿಗೂ ತಾನಾಡುವ ಕನ್ನಡ ಬೇರೆ, ಪಠ್ಯಪುಸ್ತಕದ ಕನ್ನಡ ಬೇರೆ. ಆರು ವರ್ಷದ ಮಗುವು ಒಂದನೇ ತರಗತಿಯಲ್ಲಿ ಮೌನವಾಗಿ ಕುಳಿತರೆ ಅದು ದಡ್ಡತನವಲ್ಲ. ಮಾತು ತಿಳಿಯದ ಊರಿಗೆ ಹೋದ ದೊಡ್ಡವರೂ ಹಾಗೆಯೇ ಕೂರುತ್ತಾರೆ. ಆ ಮೌನವನ್ನು ಅರಿಯುವ ಶಿಕ್ಷಕರು ಮೊದಲು ಮಗುವನ್ನು ಅದರ ಮಾತಿನಲ್ಲಿಯೇ ಮಾತಾಡಿಸಿ, ಕಥೆ ಕೇಳಿ, ಹೇಳಿದ್ದನ್ನು ಬರೆದು ತೋರಿಸಿ, ಆಮೇಲೆ ಪುಸ್ತಕದ ಕನ್ನಡಕ್ಕೆ ಕರೆದೊಯ್ಯುತ್ತಾರೆ. ಅರಿಯದವರು ವರ್ಣಮಾಲೆಯನ್ನು ನೂರು ಸಲ ತಿದ್ದಿಸುತ್ತಾರೆ. ಮಗು ಅಕ್ಷರವನ್ನು ಬರೆಯುತ್ತದೆ, ಆದರೆ ಓದುವುದಿಲ್ಲ. ಇಂತಹ ವ್ಯತ್ಯಾಸವನ್ನು ಗುರುತಿಸಿ, ಕಲಿಸುವ ಬಗೆಯನ್ನು ಬದಲಿಸಿಕೊಳ್ಳಲು ಶಿಕ್ಷಕರಿಗೆ ನೆರವಾಗುವುದು ವಿಶ್ವವಿದ್ಯಾಲಯದ ಜ್ಞಾನದ ನಿಜವಾದ ಉಪಯೋಗ.

ಹೊಸ ಬಗೆಯ ಕಲಿಸುವಿಕೆ ಸರ್ಕಾರಿ ಶಾಲೆಯಲ್ಲಿ ಬೇರೂರಬಲ್ಲುದೆಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದು ರೂಪಿಸಿದ ‘ನಲಿ-ಕಲಿ’ಯು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಲ್ಪನೆ ಹೊರಗಿನಿಂದ ಬಂದರೂ ಅದನ್ನು ಬೆಳೆಸಿದವರು ಸರ್ಕಾರಿ ಶಾಲೆಯ ಶಿಕ್ಷಕರೇ ಎಂಬುದು ಗಮನಾರ್ಹ.

ಹೊರಗಿನ ಎರಡು ಪಾಠಗಳು

ವಿಶ್ವವಿದ್ಯಾಲಯ ಮತ್ತು ಶಾಲೆಯ ಪಾಲುಗಾರಿಕೆಗೆ ಬೇರೆಡೆಯೂ ಇತಿಹಾಸವಿದೆ. ಅದರಲ್ಲಿ ಎರಡು ಪ್ರಸಂಗಗಳು ಪಂಚಾಯಿತಿ ಸದಸ್ಯರಿಗೆ ನೇರವಾಗಿ ಉಪಯುಕ್ತವಾಗಿವೆ.

ಮೊದಲನೆಯದು ಅಮೆರಿಕದ ಫಿಲಡೆಲ್ಫಿಯಾ ನಗರದ್ದು. ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ತನ್ನ ನೆರೆಯ ಬಡಾವಣೆಯಲ್ಲಿ ಸಾರ್ವಜನಿಕ ಶಾಲೆಯೊಂದನ್ನು ಸ್ಥಾಪಿಸಲು ನೆರವಾಗಿ, ಹಣವನ್ನೂ ಪರಿಣತಿಯನ್ನೂ ಒದಗಿಸಿತು. 2001ರಲ್ಲಿ ಆರಂಭವಾದ ಆ ಶಾಲೆ ಒಳ್ಳೆಯ ಹೆಸರು ಪಡೆಯಿತು. ಪರಿಣಾಮವಾಗಿ ಆ ಶಾಲೆಯ ವ್ಯಾಪ್ತಿಯ ಮನೆಗಳ ಬೆಲೆ ಏರಿ, ಬಡವರು ಅಲ್ಲಿ ನೆಲೆಸುವುದು ಕಷ್ಟವಾಯಿತು. ಒಂದು ಶಾಲೆಯನ್ನು ಮಾತ್ರ ಎತ್ತರಿಸಿದರೆ ಅದರ ಹತ್ತಿರ ಇರಲು ಶಕ್ತಿಯುಳ್ಳವರಿಗೆ ಫಲ ಹೆಚ್ಚು. ಆದ್ದರಿಂದ ಪಂಚಾಯಿತಿಯು ‘ಕೇಂದ್ರ ಗ್ರಾಮಕ್ಕೊಂದು ಮಾದರಿ ಶಾಲೆ ಕೊಡಿ’ ಎಂದು ಕೇಳುವುದಕ್ಕಿಂತ, ‘ಪಂಚಾಯಿತಿ ವ್ಯಾಪ್ತಿಯ ತಾಂಡಾ, ದೊಡ್ಡಿ, ಕಾಲೊನಿಗಳ ಶಾಲೆಗಳೆಲ್ಲವನ್ನೂ ತೆಗೆದುಕೊಳ್ಳಿ’ ಎಂದು ಕೇಳುವುದು ಸೂಕ್ತ. ಸುರಪುರದ ಕಾರ್ಯಕ್ರಮವು ತಾಲ್ಲೂಕನ್ನು ಇಡಿಯಾಗಿ ತೆಗೆದುಕೊಂಡದ್ದರ ಮಹತ್ವ ಇದರಿಂದ ವಿಶದವಾಗುತ್ತದೆ.

ಎರಡನೆಯದು ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯದು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮವನ್ನು ಆರಂಭಿಸಿದವು. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಹಳ್ಳಿಯ ಶಿಕ್ಷಕರೊಡನೆ ಕುಳಿತು, ಅಲ್ಲಿಯೇ ದೊರಕುವ ಸಾಮಗ್ರಿಗಳಿಂದ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಪಾಠಗಳನ್ನು ರೂಪಿಸಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ವಿಸ್ತರಿಸಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಅದನ್ನು ಮುನ್ನಡೆಸಿತು. ದೇಶದ ವಿಜ್ಞಾನ ಶಿಕ್ಷಣಕ್ಕೆ ದಾರಿ ತೋರಿದ ಆ ಕಾರ್ಯಕ್ರಮವು ಮೂವತ್ತು ವರ್ಷ ನಡೆದು, ಜಿಲ್ಲಾ ಯೋಜನಾ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 2002ರಲ್ಲಿ ರಾಜ್ಯ ಸರ್ಕಾರದ ಆದೇಶದಿಂದ ನಿಂತುಹೋಯಿತು. ಶಾಲೆಯೊಳಗೆ ಏನು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂಬುದು ಚುನಾಯಿತ ಪ್ರತಿನಿಧಿಗಳಿಗೂ ಪೋಷಕರಿಗೂ ಮನದಟ್ಟಾಗದಿದ್ದರೆ ಎಷ್ಟು ಒಳ್ಳೆಯ ಕೆಲಸಕ್ಕೂ ಊರಿನ ಬೆಂಬಲ ಉಳಿಯದು. ಬಂದ ಸಂಸ್ಥೆಯು ಪಂಚಾಯಿತಿಗೆ ವರದಿ ಒಪ್ಪಿಸುವುದು ಕೇವಲ ಶಿಷ್ಟಾಚಾರವಲ್ಲ. ಕೆಲಸ ಬಾಳುವುದಕ್ಕೆ ಅದು ಆಧಾರ.

ವಿಶ್ವವಿದ್ಯಾಲಯ ಮಾಡಲಾರದ ಕೆಲಸ

ಮಳೆಯನ್ನೇ ನಂಬಿದ ಒಣ ಬೇಸಾಯದ ಊರುಗಳಿಂದ ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗುವುದು ಈ ಜಿಲ್ಲೆಯ ಹಳೆಯ ಸಂಕಟ. ಹೆತ್ತವರು ಹೊರಟರೆ ಮಕ್ಕಳೂ ಹೊರಡುತ್ತಾರೆ. ಉಳಿದ ಊರುಗಳಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ದಿನಗಳು ಬಂದರೆ ಮೇಲಿನ ತರಗತಿಯ ಮಕ್ಕಳು ಹೊಲದಲ್ಲಿರುತ್ತಾರೆ. ಹತ್ತು ವರ್ಷದ ಹೆಣ್ಣುಮಗು ಕೂಲಿಗೆ ಹೋಗದಿದ್ದರೂ, ತಾಯಿ ಕೂಲಿಗೆ ಹೋದಾಗ ಕೂಸನ್ನು ಆಡಿಸಲು ಮನೆಯಲ್ಲಿ ಉಳಿಯುತ್ತದೆ.

ಇದರ ಲೆಕ್ಕ ಹೀಗಿದೆ. ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟನೇ ತರಗತಿಯವರೆಗೆ 220 ಶಾಲಾ ದಿನಗಳಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ದೀಪಾವಳಿಯ ನಂತರ ಹೊರಟು ಯುಗಾದಿಗೆ ಮರಳುವ ಕುಟುಂಬದ ಮಗು ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಮೂರು ವರ್ಷ ಹೀಗೆಯೇ ಆದರೆ ಮಗು ಕಳೆದುಕೊಂಡದ್ದು ಒಂದು ಪೂರ್ಣ ಶಾಲಾ ವರ್ಷ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿರುತ್ತದೆ, ತರಗತಿಯೂ ಏರಿರುತ್ತದೆ. ಕಲಿಕೆ ಮಾತ್ರ ಹಿಂದೆ ಉಳಿದಿರುತ್ತದೆ. ಓದು ಕಲಿಸುವ ಉತ್ತಮ ವಿಧಾನವನ್ನು ಸಂಪನ್ಮೂಲ ವ್ಯಕ್ತಿ ಹೇಳಿಕೊಡುವ ವಾರದಲ್ಲಿ, ಅದು ಅತ್ಯಗತ್ಯವಾಗಿರುವ ಮಗುವೇ ತರಗತಿಯಲ್ಲಿ ಇರುವುದಿಲ್ಲ.

ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಕುಟುಂಬ ಮೇಸ್ತ್ರಿಯಿಂದ ಮುಂಗಡ ಪಡೆದಿದೆ, ಯಾವ ಮನೆಯಲ್ಲಿ ಅಜ್ಜಿ ಉಳಿದಿದ್ದಾಳೆ, ಮಕ್ಕಳನ್ನು ಯಾರ ಬಳಿ ಬಿಡಬಹುದು ಎಂಬುದು ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ತಿಳಿಯದು. ಬೇರೆ ಊರಿನಿಂದ ಬರುವ ಶಿಕ್ಷಕರಿಗೂ ಪೂರ್ಣವಾಗಿ ತಿಳಿಯದು. ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ಈ ಪಾಲುಗಾರಿಕೆಗೆ ಪಂಚಾಯಿತಿಯು ತರಬಹುದಾದ ಜ್ಞಾನ ಇದೇ, ಮತ್ತು ಇದು ವಿಶ್ವವಿದ್ಯಾಲಯದ ಜ್ಞಾನಕ್ಕಿಂತ ಕಡಿಮೆಯದಲ್ಲ.

ಕಾನೂನು ಹೊರಿಸಿರುವ ಹೊಣೆ

ಶಿಕ್ಷಣವು ಇಲಾಖೆಯ ಕೆಲಸ, ಪಂಚಾಯಿತಿಗೆ ಅದರಲ್ಲಿ ಅಧಿಕಾರವಿಲ್ಲ ಎಂಬ ಭಾವನೆ ಹಲವರಲ್ಲಿದೆ. ಶಿಕ್ಷಕರ ನೇಮಕ, ವರ್ಗಾವಣೆ, ವೇತನ, ಪಠ್ಯಕ್ರಮಗಳ ಮಟ್ಟಿಗೆ ಆ ಮಾತು ನಿಜ. ಉಳಿದ ವಿಷಯಗಳಲ್ಲಿ ಹಾಗಲ್ಲ.

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಗ್ರಂಥಾಲಯಗಳೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಾಗಿವೆ. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಂತೆ ಶಿಕ್ಷಣದ ಕೆಲಸವನ್ನು ಗ್ರಾಮ ಪಂಚಾಯಿತಿಯೂ ನೋಡಿಕೊಳ್ಳಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಹೆಸರಿಸುತ್ತದೆ: ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡುವುದು, ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಪ್ರಾಥಮಿಕ ಶಿಕ್ಷಣದ ಪೂರ್ಣತೆಯನ್ನು ಖಚಿತಪಡಿಸಿ ನಿಗಾ ಇಡುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು. ವಲಸೆಯ ಮಗುವನ್ನು ಕಾಯ್ದೆಯು ಪ್ರತ್ಯೇಕವಾಗಿ ಹೆಸರಿಸಿರುವುದನ್ನು ಈ ಜಿಲ್ಲೆಯ ಸದಸ್ಯರು ವಿಶೇಷವಾಗಿ ಗಮನಿಸಬೇಕು.

ಇದೇ ಕಾಯ್ದೆಯಂತೆ, ಮಗು ಬೇರೆ ಊರಿಗೆ ಹೋಗುವಾಗ ಮುಖ್ಯಗುರುಗಳು ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕು; ಪತ್ರ ತಡವಾಯಿತೆಂಬ ಕಾರಣಕ್ಕೆ ಆ ಊರಿನ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗು ಮರಳಿದಾಗ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಇತರರ ಸಮಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು. ಈ ವಿಶೇಷ ತರಬೇತಿಯೇ ವಿಶ್ವವಿದ್ಯಾಲಯದ ಪರಿಣತಿಯನ್ನು ಕೇಳಿ ಪಡೆಯಬೇಕಾದ ಮುಖ್ಯ ಸ್ಥಳ. ಮೂರು ತಿಂಗಳು ತಪ್ಪಿಸಿಕೊಂಡ ಮಗುವಿಗೆ ಬಿಟ್ಟುಹೋದ ಪಾಠಗಳನ್ನೆಲ್ಲ ಓಡಿಸುವುದೇ, ಅಥವಾ ಓದು ಮತ್ತು ಲೆಕ್ಕದ ಬುನಾದಿಯನ್ನಷ್ಟೇ ಗಟ್ಟಿ ಮಾಡುವುದೇ ಎಂಬುದು ಪರಿಣತರು ಉತ್ತರಿಸಬೇಕಾದ ಪ್ರಶ್ನೆ.

ರಾಜ್ಯದಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಪೋಷಕರ ಧ್ವನಿಗೆ ಸ್ಥಾನ ಕೊಟ್ಟಿವೆ. ಶಾಲಾ ಸಮಿತಿಯಲ್ಲಿ ನಾಲ್ಕನೇ ಮೂರು ಭಾಗ ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹಿಂದೆ ಹೇಳಿದ ಸಾಕ್ಷರತೆಯ ಅಂಕಿಯನ್ನು ನೆನೆದರೆ, ಅನೇಕ ತಾಯಂದಿರಿಗೆ ಬರೆದ ವರದಿ ಓದಲು ಬಾರದು. ಆದ್ದರಿಂದ ಸಂಸ್ಥೆಯ ವರದಿಯು ಕಾಗದದಲ್ಲಿ ಮಾತ್ರವಲ್ಲದೆ ಸಭೆಯಲ್ಲಿ ಬಾಯಿಮಾತಿನಲ್ಲಿಯೂ ಬರಬೇಕು. ಓದಲು ಬಾರದ ತಾಯಿಯೂ ತನ್ನ ಮಗು ಸಲೀಸಾಗಿ ಓದುತ್ತಿದೆಯೇ, ತಡವರಿಸುತ್ತಿದೆಯೇ ಎಂಬುದನ್ನು ಕಿವಿಯಿಂದಲೇ ಅರಿಯಬಲ್ಲಳು.

ಪಂಚಾಯಿತಿಯ ಕೈಯಲ್ಲಿರುವ ಸಾಧನಗಳು

ಈ ಹೊಣೆಯನ್ನು ನಿರ್ವಹಿಸಲು ಪಂಚಾಯಿತಿಯ ಬಳಿ ಸಾಧನಗಳಿಲ್ಲವೆಂದಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸಂಜೆ ಆ ಕೇಂದ್ರ ತೆರೆದಿದ್ದು, ಮೂರನೇ ತರಗತಿಯ ಮಗು ಎಟುಕಿಸಿಕೊಳ್ಳುವಷ್ಟು ಕೆಳಗೆ ಚಿತ್ರಪುಸ್ತಕಗಳಿದ್ದರೆ ಶಾಲೆಯ ಕೆಲಸಕ್ಕೆ ಅದು ದೊಡ್ಡ ಬಲ. ತಾಯಂದಿರು ಉದ್ಯೋಗ ಖಾತರಿ ಕಾಮಗಾರಿಗೆ ಹೋದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ‘ಕೂಸಿನ ಮನೆ’ಗಳಿವೆ. ಕೂಸಿನ ಮನೆಯನ್ನು ಶಿಶುಪಾಲನೆಯ ಯೋಜನೆಯೆಂದಷ್ಟೇ ನೋಡಬಾರದು. ಅದರ ಬಾಗಿಲು ತೆರೆದ ದಿನ ಆ ಕೂಸಿನ ಅಕ್ಕನಿಗೆ ಶಾಲೆಯ ಬಾಗಿಲೂ ತೆರೆಯುತ್ತದೆ. ಸುಗ್ಗಿಯ ನಂತರ ಊರಿನಲ್ಲಿಯೇ ಕೆಲಸ ಒದಗಿಸಿದರೆ ಕೆಲವು ಕುಟುಂಬಗಳಾದರೂ ಗುಳೆ ಹೋಗುವುದನ್ನು ತಪ್ಪಿಸಬಹುದು. ಕಾಮಗಾರಿ ಆರಂಭಿಸುವ ತಿಂಗಳನ್ನು ನಿರ್ಧರಿಸುವಾಗ ಶಾಲೆಯ ಹಾಜರಿ ಪುಸ್ತಕವನ್ನೂ ಮುಂದಿಟ್ಟುಕೊಳ್ಳುವುದು ಒಳಿತು.

2006ರಿಂದ ನಡೆದುಬಂದಿರುವ ಮಕ್ಕಳ ಗ್ರಾಮಸಭೆಯೂ ಇದೆ. ಅಲ್ಲಿ ಮಕ್ಕಳು ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆಗಳನ್ನು ಕೇಳುತ್ತಾರೆ. ‘ನಮ್ಮ ತರಗತಿಯ ಇಂತಹವನು ಎರಡು ತಿಂಗಳಿಂದ ಬಂದಿಲ್ಲ’ ಎಂಬುದನ್ನೂ ಅವರೇ ಎಲ್ಲರಿಗಿಂತ ಮೊದಲು ಹೇಳಬಲ್ಲರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಗಣಿತ ಕಲಿಕಾ ಆಂದೋಲನದ ಜೊತೆಗೆ ಬಂದ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು, ಮಕ್ಕಳ ಕಲಿಕೆ ಊರಿನ ಚರ್ಚೆಯ ವಿಷಯವಾಗಬಲ್ಲುದೆಂದು ತೋರಿಸಿವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲಿಕೆಯ ಸ್ಥಿತಿಯನ್ನು ಅರಿಯುವ ಉತ್ಸಾಹದಲ್ಲಿ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಪರೀಕ್ಷಿಸುವುದು, ಶಿಕ್ಷಕರನ್ನು ಸಭೆಯಲ್ಲಿ ಅವಮಾನಿಸುವುದು ಸಲ್ಲದು. ಖಾಲಿ ಹುದ್ದೆಗಳ ನಡುವೆ, ಅತಿಥಿ ಶಿಕ್ಷಕರ ನೆರವಿನಿಂದ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವ ಶಿಕ್ಷಕರು ಜಿಲ್ಲೆಯಲ್ಲಿ ಅನೇಕರಿದ್ದಾರೆ. ಹೆದರಿದ ಶಿಕ್ಷಕರು ಸುಳ್ಳು ಅಂಕಿಯನ್ನು ಕೊಡುತ್ತಾರೆ; ಗೌರವ ಪಡೆದವರು ನಿಜವನ್ನು ಹೇಳುತ್ತಾರೆ. ನಿಜವಾದ ಅಂಕಿಯಿಲ್ಲದೆ ವಿಶ್ವವಿದ್ಯಾಲಯವಾಗಲಿ ಪಂಚಾಯಿತಿಯಾಗಲಿ ಏನನ್ನೂ ಸರಿಪಡಿಸಲಾರವು.

ನಿರ್ಣಯದ ಮಾದರಿ

ಮೇಲಿನ ವಿಚಾರಗಳನ್ನು ಕಾರ್ಯರೂಪಕ್ಕೆ ತರಲು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯು ಕೆಳಕಂಡ ರೀತಿಯಲ್ಲಿ ನಿರ್ಣಯ ಕೈಗೊಳ್ಳಬಹುದು. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಅವಕಾಶವಿದೆ.

1. ಪಂಚಾಯಿತಿ ವ್ಯಾಪ್ತಿಯ 14 ವರ್ಷದವರೆಗಿನ ಎಲ್ಲ ಮಕ್ಕಳ ವಾರ್ಡುವಾರು ಪಟ್ಟಿಯನ್ನು ಸಿದ್ಧಪಡಿಸಿ, ದಸರಾ ರಜೆಗೆ ಮುನ್ನ ಒಮ್ಮೆ ಮತ್ತು ಸಂಕ್ರಾಂತಿಯ ನಂತರ ಒಮ್ಮೆ ಪರಿಷ್ಕರಿಸುವುದು.

2. ಗುಳೆ ಹೋಗಲಿರುವ ಕುಟುಂಬಗಳನ್ನು ಸದಸ್ಯರು ಮುಂಚಿತವಾಗಿ ಭೇಟಿ ಮಾಡಿ, ಮಗುವನ್ನು ಊರಿನಲ್ಲಿ ಬಂಧುಗಳ ಬಳಿ ಅಥವಾ ವಸತಿನಿಲಯದಲ್ಲಿ ಉಳಿಸುವ ಸಾಧ್ಯತೆಯನ್ನು ಪರಿಶೀಲಿಸುವುದು. ಸಾಧ್ಯವಾಗದಿದ್ದಲ್ಲಿ ಹೊರಡುವ ಮುನ್ನವೇ ವರ್ಗಾವಣೆ ಪತ್ರ ದೊರಕಿಸುವುದು.

3. ಶಾಲೆಯಲ್ಲಿ ಕೆಲಸ ಮಾಡುವ ವಿಶ್ವವಿದ್ಯಾಲಯ ಅಥವಾ ಸಂಸ್ಥೆಯು ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದಿರುವುದನ್ನು ಖಚಿತಪಡಿಸಿಕೊಂಡು, ಏನು ಮಾಡುತ್ತದೆ, ಎಷ್ಟು ವರ್ಷ ಇರುತ್ತದೆ, ಯಾವ ಶಾಲೆಗಳನ್ನು ಒಳಗೊಳ್ಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯುವುದು.

4. ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಕ್ಕಳು ಅರ್ಥ ತಿಳಿದು ಓದುತ್ತಾರೆ ಎಂಬ ಎರಡು ಅಂಕಿಗಳನ್ನು ಮಕ್ಕಳ ಹೆಸರಿಲ್ಲದೆ, ವರ್ಷಕ್ಕೆ ಎರಡು ಬಾರಿ, ಮುಖ್ಯಗುರುಗಳಿಂದ ಪಂಚಾಯಿತಿಗೆ ತರಿಸಿಕೊಳ್ಳುವುದು.

5. ಗುಳೆಯಿಂದ ಮರಳಿದ ಮಕ್ಕಳಿಗಾಗಿ ನಡೆಸುವ ವಿಶೇಷ ತರಬೇತಿಗೆ ಸ್ಥಳ, ಬೆಳಕು, ಪುಸ್ತಕಗಳನ್ನು ಪಂಚಾಯಿತಿಯಿಂದ ಒದಗಿಸುವುದು. ಬೋಧನಾ ಕ್ರಮದ ನೆರವನ್ನು ಸಂಸ್ಥೆಯಿಂದ ಕೇಳುವುದು.

6. ಅರಿವು ಕೇಂದ್ರ ಮತ್ತು ಕೂಸಿನ ಮನೆಯ ಕಾರ್ಯನಿರ್ವಹಣೆಯನ್ನು ಶಾಲಾ ಹಾಜರಾತಿಯೊಡನೆ ಸೇರಿಸಿ ಒಂದೇ ವಿಷಯವಾಗಿ ಸಭೆಯ ಕಾರ್ಯಸೂಚಿಯಲ್ಲಿ ಇರಿಸುವುದು.

ಈ ಆರರಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಬೇಕಾದದ್ದು ಸದಸ್ಯರ ಸಮಯ, ಮತ್ತು ಮನೆಮನೆಗೆ ಹೋಗುವ ಕಾಲು.

ವಿಶ್ವವಿದ್ಯಾಲಯಗಳು ಇನ್ನೂ ಹತ್ತಿರವಾಗುತ್ತಿವೆ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿಯೇ ರಾಯಚೂರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಜಿಲ್ಲೆಯ ಪದವಿ ಕಾಲೇಜುಗಳ, ಬಿ.ಇಡಿ. ಕಾಲೇಜುಗಳ ಪ್ರಶಿಕ್ಷಣಾರ್ಥಿಗಳು ಊರ ಶಾಲೆಗಳಿಗೆ ಬರುತ್ತಲೇ ಇದ್ದಾರೆ. ಯಾರೇ ಬಂದರೂ ಅವರ ಮುಂದೆ ಇಡಬೇಕಾದ ಮೊದಲ ಕಾಗದ ಬೇಡಿಕೆಯ ಪಟ್ಟಿಯಲ್ಲ, ಮಕ್ಕಳ ಪಟ್ಟಿ: ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ, ಯಾರಿಗೆ ಓದಲು ಬರುತ್ತದೆ, ಯಾರಿಗೆ ಇನ್ನೂ ಬಂದಿಲ್ಲ. ಆ ಪಟ್ಟಿ ಪಂಚಾಯಿತಿಯ ಬಳಿ ಸಿದ್ಧವಿದ್ದರೆ ಬಂದವರ ಪಾಂಡಿತ್ಯ ಊರಿನ ಮಕ್ಕಳ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಅವರು ಬಂದು, ಹಾಜರಿದ್ದ ಮಕ್ಕಳಿಗೆ ಕಲಿಸಿ, ಹೊರಟುಹೋಗುತ್ತಾರೆ. ಅತ್ಯಂತ ಅಗತ್ಯವಿದ್ದ ಮಕ್ಕಳು ಹತ್ತಿಯ ಹೊಲದಲ್ಲಿಯೋ ದೂರದ ನಗರದ ಕಟ್ಟಡ ಕೆಲಸದ ಶೆಡ್ಡಿನಲ್ಲಿಯೋ ಉಳಿದಿರುತ್ತಾರೆ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮಕ್ಕಳ ಪಟ್ಟಿಯ ಕೆಲಸವನ್ನು ಆರಂಭಿಸುವಂತೆ ಎಲ್ಲ ಅಧ್ಯಕ್ಷರು, ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಲ್ಲಿ ವಿನಂತಿ.